ಹಿತ್ತಲಲ್ಲಿ ಸಿಕ್ಕ ರೋಮನ್ ಬಚ್ಚಲು

ನೀರು ತುಂಬುವ ಹಬ್ಬದ ದಿನವೇ ಶ್ರೀವತ್ಸನ ಮನೆಯಲ್ಲಿ ನೀರು ನಿಂತುಹೋಯಿತು. ಹಿತ್ತಲ ನೆಲದಡಿಯ ಪೈಪು ಒಡೆದಿತ್ತು. ಐರ್ಲೆಂಡಿನ ಗಾಲ್ವೇ ಊರಿನಲ್ಲಿ ಪೈಪು ಒಡೆಯುವುದು ದೊಡ್ಡ ಸಂಗತಿಯೇನಲ್ಲ. ಮನೆ ಮಾಲೀಕ ಪಾಡ್ರಿಗ್‌ಗೆ ಫೋನ್ ಮಾಡಿದರೆ ಪ್ಲಂಬರ್ ಬರುತ್ತಾನೆ, ಅಗೆಯುತ್ತಾನೆ, ಸರಿಮಾಡಿ ಹೋಗುತ್ತಾನೆ. ಆದರೆ ಅಗೆಯುತ್ತಾನೆ ಎಂಬುದು ನೆನಪಾದೊಡನೆ ಶ್ರೀವತ್ಸ ಕೈಗೆತ್ತಿಕೊಂಡಿದ್ದ ಫೋನನ್ನು ಕೆಳಗಿಟ್ಟ.

ಕಾರಣ ಹೋದ ವರ್ಷದ್ದು. ದೀಪಾವಳಿಗೆಂದು ಮೈಸೂರಿನಿಂದ ಬಂದ ಅತ್ತೆ ಶಕುಂತಲಮ್ಮ ವಿಮಾನದಲ್ಲಿ ತಾಮ್ರದ ಹಂಡೆಯೊಂದನ್ನು ತಂದಿದ್ದರು. ಈ ಮನೆಯ ಬಿಸಿನೀರೋ, ಎರಡು ಬಕೆಟ್ಟಿಗೆ ತಣ್ಣಗಾಗುವಂಥದ್ದು. "ಹಬ್ಬದ ದಿನ ಮೈಗೆಲ್ಲಾ ಎಣ್ಣೆ ಹಚ್ಕೊಂಡು ಶವರ್ ಕೆಳಗೆ ನಡುಗ್ತಾ ನಿಂತ್ಕೋಬೇಕಾ ಅಳಿಯಂದ್ರೇ? ಹಂಡೆ ನೀರೇ ಆಗ್ಬೇಕು" ಎಂದರು. ಅತ್ತೆಗೆ ಆಗದು ಎನ್ನುವ ಗಂಡಸು ಶ್ರೀವತ್ಸನಲ್ಲ. ಗುಟ್ಟಾಗಿ ಹಿತ್ತಲಲ್ಲಿ ಗುಂಡಿ ತೋಡಿ, ಯಾರೋ ಕೆಡವಿದ ಹಳೇ ಶೆಡ್ಡಿನ ಇಟ್ಟಿಗೆ ತಂದು ಬಚ್ಚಲೊಲೆ ಕಟ್ಟಿದ. ಮೀಯುವಾಗ ಅತ್ತೆಯ ಪಾದ ತಣ್ಣಗಾಗಬಾರದೆಂದು ಚಪ್ಪಡಿಯನ್ನು ಇಟ್ಟಿಗೆಯ ಕುಳ್ಳ ಕಂಬಗಳ ಮೇಲೆ ಕೂರಿಸಿ, ಒಲೆಯ ಬಿಸಿ ಅದರಡಿ ಹಾದು ಮಣ್ಣಿನ ಕೊಳವೆಯಲ್ಲಿ ಹೊರಹೋಗುವಂತೆ ಮಾಡಿದ. ಗುಂಡಿಯ ತಳದಲ್ಲಿ ಬಿರುಕುಬಿಟ್ಟ ಕರಿಗಲ್ಲುಗಳು ಮೊದಲೇ ರಾಶಿಬಿದ್ದಿದ್ದವು. ಬುನಾದಿಗೆ ಕಲ್ಲು ಹೊರುವ ಕೆಲಸವೂ ಉಳಿಯಿತು. ಹಬ್ಬ ಮುಗಿದ ಮೇಲೆ ಎಲ್ಲದರ ಮೇಲೆ ಮಣ್ಣೆಳೆದು ಹುಲ್ಲು ಹಾಸಿಬಿಟ್ಟ. ಏಕೆಂದರೆ ಹಿತ್ತಲು ಅಗೆಯಕೂಡದು, ಬೆಂಕಿ ಹಾಕಕೂಡದು, ಹಾಗೇನಾದರೂ ಮಾಡಿದರೆ ಮನೆ ಖಾಲಿ ಮಾಡಬೇಕು ಎಂಬುದು ಮಾಲೀಕನ ಕರಾರು.

ಆ ಮನೆ ಸಿಕ್ಕಿದ್ದೇ ತಿಂಗಳುಗಟ್ಟಲೆ ಅಲೆದ ಮೇಲೆ. ಇತ್ತೀಚೆಗೆ ಪಾಡ್ರಿಗ್ ಬಂದಾಗಲೆಲ್ಲ "ಮಾರಿಬಿಡೋಣ ಅನ್ನಿಸ್ತಿದೆ" ಎಂದು ಗೊಣಗುತ್ತಿದ್ದ. 'ಎಷ್ಟು ವರ್ಷ ಬೇಕಾದ್ರೂ ಇರಿ' ಎಂಬ ಒಂದು ಮಾತು ಅವನ ಬಾಯಿಂದ ಬರಲೆಂದು ಶ್ರೀವತ್ಸ ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತಿದ್ದ.

ಹೆಂಡತಿ ಅಪರ್ಣಾ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ಈ ಸಲವೂ ಬಂದಿದ್ದ ಅತ್ತೆ ಒಳಗೆ ಖಾಲಿ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದರು. ನೀರಿಲ್ಲದೆ ಹಬ್ಬ ನಡೆಯದೆಂದು ಕೊನೆಗೆ ಪಾಡ್ರಿಗ್‌ಗೆ ಫೋನ್ ಮಾಡಿದ್ದೂ ಆಗಿತ್ತು, ಪ್ಲಂಬರ್ ಬಂದದ್ದೂ ಆಗಿತ್ತು. ಅವನ ಗುದ್ದಲಿ ಠಣ್ ಎಂದಿತು. ಆ ಸದ್ದು ಶ್ರೀವತ್ಸನ ಎದೆಯಲ್ಲೇ ಆದಂತಾಯಿತು.

"ಇಲ್ಲೇನೋ ಇಟ್ಟಿಗೆ ಕಂಬ ಇದೆಯಲ್ಲ!" ಎಂದ ಪ್ಲಂಬರ್. ಅವನ ಇಂಗ್ಲಿಷನ್ನೂ ಮುಂದೆ ಬರುವವರ ಇಂಗ್ಲಿಷನ್ನೂ ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ.

"ಕಂಬಾನಾ? ಎಷ್ಟು ಕಂಬ?" ಗೋಡೆಯಾಚೆಯಿಂದ ಒಂದು ಬಿಳಿ ತಲೆ ಎದ್ದಿತು. ಪಕ್ಕದ ಮನೆಯ ಕೊಸ್ಟೆಲೊ, ನಿವೃತ್ತ ಲ್ಯಾಟಿನ್ ಮೇಷ್ಟ್ರು. ರೋಮನ್ನರು ಐರ್ಲೆಂಡಿಗೆ ಬಂದು ನೆಲೆಸಲಿಲ್ಲ ಎಂಬುದು ಅವರಿಗೆ ಜೀವನದ ದೊಡ್ಡ ನೋವು. ವಯಸ್ಸನ್ನು ಮರೆತು ಗೋಡೆ ಹತ್ತಿ ಈಚೆಗೆ ಇಳಿದರು. ಮಸಿ ಹಿಡಿದ ಕುಳ್ಳ ಕಂಬಗಳು, ಮೇಲೆ ಚಪ್ಪಡಿ, ಅಡಿಯಲ್ಲಿ ಬಿಸಿಗಾಳಿಯ ದಾರಿ, ಪಕ್ಕದಲ್ಲಿ ಮಣ್ಣಿನ ಕೊಳವೆ. ಮೇಷ್ಟ್ರ ಕಣ್ಣಲ್ಲಿ ನೀರು ಬಂತು.

"ರೋಮನ್ ಸ್ನಾನದ ಮನೆ! ನೆಲದಡಿ ಬೆಂಕಿ ಹಾಯಿಸಿ ನೆಲಾನೇ ಬಿಸಿ ಮಾಡ್ತಿದ್ರು! ಶ್ರೀವತ್ಸ, ನಿಮ್ಮ ಹಿತ್ತಲು ಈ ದೇಶದ ಚರಿತ್ರೇನೇ ಬದಲಾಯಿಸುತ್ತೆ!"

ಶ್ರೀವತ್ಸ ನಗಲು ಹೋದ, ತುಟಿ ಒಪ್ಪಲಿಲ್ಲ. ಮೇಷ್ಟ್ರು ಆಗಲೇ ಪಾಡ್ರಿಗ್‌ಗೂ, ಪುರಾತತ್ವದ ಕೆಲಸದಲ್ಲಿದ್ದ ತಮ್ಮ ಹಳೇ ಶಿಷ್ಯೆ ಓರ್ಲಾಗೂ ಫೋನ್ ಮಾಡಿ ಆಗಿತ್ತು. ಇವನು ಅಡುಗೆಮನೆಗೆ ಓಡಿ, ಬಾಗಿಲ ಹಿಂದೆ ನಿಂತು ಗೆಳೆಯ ಮಂಜೇಶ್‌ಗೆ ಫೋನ್ ಹಚ್ಚಿದ.

"ಏನ್ ಮಾಡ್ಲೋ? ಕೈಕಾಲೇ ಆಡ್ತಿಲ್ಲ."

"ಬಾಯಿ ಬಿಟ್ರೆ ಮನೆ ಹೋಗುತ್ತೆ. ಸುಮ್ನಿದ್ರೆ ಐರ್ಲೆಂಡ್ ಚರಿತ್ರೆ ಬದಲಾಗುತ್ತೆ, ಅಷ್ಟೇ ತಾನೇ? ಬದಲಾಗ್ಲಿ ಬಿಡು. ನಿಂದೇನ್ ಗಂಟು ಹೋಗುತ್ತೆ?"

ಸುಮ್ಮನಿರಲು ತೀರ್ಮಾನಿಸಿ ಹೊರಬಂದರೆ ಹಿತ್ತಲಲ್ಲಿ ಪಾಡ್ರಿಗ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಸ್ವಲ್ಪ ಹೊತ್ತಿಗೆ ಓರ್ಲಾಳೂ ಬಂದಳು. ಗುಂಡಿಗಿಳಿದು ಒಂದು ಇಟ್ಟಿಗೆಯನ್ನು ಉಜ್ಜಿ ನೋಡಿ, "ಸರ್, ಕ್ಷಮಿಸಿ. ಇದರಲ್ಲಿ ಸಿಮೆಂಟ್ ಇದೆ" ಎಂದಳು.

ಮೇಷ್ಟ್ರ ಮುಖ ಬಾಡಿತು. ಪಾಡ್ರಿಗ್‌ನ ಹುಬ್ಬು ಮೇಲೆದ್ದಿತು. "ಹಂಗಾದ್ರೆ ಇದನ್ನ ಕಟ್ಟಿದ್ದು ಯಾರು?"

ಸಾಮಾನು ಕಟ್ಟಿಕೊಂಡು ಬೀದಿಯಲ್ಲಿ ನಿಂತಿರುವ ಅಪರ್ಣಾಳ ಮುಖ ಶ್ರೀವತ್ಸನ ಕಣ್ಣ ಮುಂದೆ ಬಂತು. ಹಿತ್ತಲ ಬಾಗಿಲು ತೆರೆದದ್ದು ಆಗಲೇ.

"ಅಯ್ಯೋ, ಮುಚ್ಚಿದ್ದ ಒಲೇನ ಹೊರಗೆ ತೆಗೆಸ್ಬಿಟ್ರಾ ಅಳಿಯಂದ್ರೇ! ನಾಳೆ ಹೆಂಗಪ್ಪಾ ಅಂತ ನಂಗೆ ಯೋಚ್ನೆ ಆಗಿತ್ತು," ಎನ್ನುತ್ತ ಶಕುಂತಲಮ್ಮ ಪಟ್ಟೆ ಬಳಿದು ಹೂ ಸುತ್ತಿದ್ದ ಹಂಡೆಯನ್ನು ಸೊಂಟದ ಮೇಲಿಟ್ಟುಕೊಂಡು ಬಂದರು. ಎಲ್ಲರ ಎದುರೇ ಬಗ್ಗಿ ಅದನ್ನು ಒಲೆಯ ಮೇಲೆ ಕೂರಿಸಿದರು. ಹಂಡೆ ಒಂದಿಷ್ಟೂ ಅಲುಗದೆ, ಡಬ್ಬಿಗೆ ಮುಚ್ಚಳ ಕೂತಂತೆ ಕೂತಿತು. "ನೀರಿಗೆ ಪಕ್ಕದ ಮನೆ ಮೇಷ್ಟ್ರನ್ನ ಕೇಳಿ. ಇಲ್ಲೇ ನಿಂತಿದ್ದಾರಲ್ಲ."

ಪಾಡ್ರಿಗ್ ಹಂಡೆಯನ್ನು ನೋಡಿದ. ಆಮೇಲೆ ಶ್ರೀವತ್ಸನನ್ನು ನೋಡಿದ. ಶ್ರೀವತ್ಸ ಎಲ್ಲವನ್ನೂ ಒಂದೇ ಉಸಿರಿಗೆ ಒದರಿ, ಕಣ್ಣು ಮುಚ್ಚಿ ನಿಂತ.

ಬಂದದ್ದು ನಗು. "ನಮ್ಮಜ್ಜೀನೂ ಶನಿವಾರ ಶನಿವಾರ ಬೆಂಕಿ ಮುಂದೆ ತಗಡಿನ ತೊಟ್ಟಿ ಇಟ್ಟು ನಮಗೆಲ್ಲ ಸ್ನಾನ ಮಾಡಿಸ್ತಿದ್ಲು. ಅತ್ತೆಗೋಸ್ಕರ ಮಾಡಿದ್ದು ತಾನೇ? ಗ್ರಾಂಡ್! ಇದನ್ನ ಕಿತ್ತಾಕಿ, ಪೈಪ್ ರಿಪೇರಿ ಆಗ್ಲಿ, ಸಾಕು."

ಬೆಳಗ್ಗಿನಿಂದ ಬಿಗಿಹಿಡಿದಿದ್ದ ಉಸಿರೆಲ್ಲ ಒಮ್ಮೆಲೇ ಹೊರಬಂತು. ಉಸಿರಿನ ಜೊತೆ ಮಾತೂ ಬಂತು. ಶ್ರೀವತ್ಸ ಖುಷಿಯಲ್ಲಿ ಪ್ಲಂಬರನಿಗೇ ಹೇಳಿಕೊಡತೊಡಗಿದ. "ಇಟ್ಟಿಗೆ ಮಾತ್ರ ನಂದು. ಕೆಳಗಿರೋ ಕಪ್ಪು ಮಣ್ಣು, ಒಡೆದ ಕಲ್ಲು ನಂದಲ್ಲ. ಅದೆಲ್ಲ ಮೊದಲಿಂದಾನೂ ಅಲ್ಲೇ ಇತ್ತು. ಅದನ್ನ ಆಮೇಲೆ ಎತ್ತಿ ಬಿಸಾಕಿದ್ರಾಯ್ತು."

ಕೈ ಒರೆಸಿಕೊಂಡು ಹೊರಟಿದ್ದ ಓರ್ಲಾ ನಿಂತಳು. ಮತ್ತೆ ಗುಂಡಿಗಿಳಿದಳು. ಎರಡು ಕಂಬಗಳ ನಡುವೆ ಕೈ ತೂರಿಸಿ ಒಂದು ಕಲ್ಲು ತೆಗೆದು, ಬಹಳ ಹೊತ್ತು ತಿರುಗಿಸಿ ನೋಡಿದಳು.

"ಸರ್, ಇದು ರೋಮನ್ನರದ್ದಲ್ಲ," ಎಂದಳು ಮೆಲ್ಲಗೆ. "ಅವರಿಗಿಂತ ಎಷ್ಟೋ ಹಳೇದು. ಮೂರು ಸಾವಿರ ವರ್ಷ ಇರಬಹುದು. ಕಲ್ಲನ್ನ ಬೆಂಕೀಲಿ ಕೆಂಪಗೆ ಕಾಯಿಸಿ, ನೀರಿನ ಗುಂಡಿಗೆ ಹಾಕಿ ನೀರು ಕಾಯಿಸ್ತಿದ್ರು. ಅಡುಗೆಗೆ ಅಂತಾರೆ ಕೆಲವರು. ಸ್ನಾನಕ್ಕೆ ಅಂತ ನನ್ನ ನಂಬಿಕೆ. ಇನ್ಮೇಲೆ ಸರ್ಕಾರದ ಅನುಮತಿ ಬರೋವರೆಗೂ ಈ ಹಿತ್ತಲಲ್ಲಿ ಯಾರೂ ಗುದ್ದಲಿ ಹಾಕಂಗಿಲ್ಲ."

"ಪೈಪು?" ಎಂದ ಪಾಡ್ರಿಗ್.

"ಪೈಪಿಗೂ ಅಷ್ಟೇ. ತಿಂಗಳುಗಳೇ ಆಗಬಹುದು."

ಪ್ಲಂಬರ್ ಗುದ್ದಲಿಯನ್ನು ಒರೆಸಿ ವ್ಯಾನಿಗೆ ಹಾಕಿಕೊಂಡ. ಮೇಷ್ಟ್ರು ಅಳು ಮರೆತು ಆ ಕಲ್ಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಶ್ರೀವತ್ಸ ಪಾಡ್ರಿಗ್‌ನ ಹತ್ತಿರ ಹೋಗಿ ನಿಂತ.

"ಹಾಗಾದ್ರೆ... ನಾವು ಮನೆ ಖಾಲಿ ಮಾಡ್ಬೇಕಾ?"

"ಖಾಲಿನಾ?" ಪಾಡ್ರಿಗ್ ಗಾಬರಿಯಿಂದ ಅವನ ಎರಡೂ ಕೈ ಹಿಡಿದುಕೊಂಡ. "ನೀರಿಲ್ಲದ ಮನೆಗೆ ಬೇರೆ ಯಾರು ಬರ್ತಾರೆ? ಈ ಗುಂಡಿ ನೋಡಿ ಯಾರು ಕೊಂಡ್ಕೋತಾರೆ? ಹೋಗೋ ಮಾತೇ ಆಡ್ಬೇಡಿ. ಎಷ್ಟು ವರ್ಷ ಬೇಕಾದ್ರೂ ಇರಿ!"

ಹರಕೆ ಹೊತ್ತ ಮಾತು ಅಕ್ಷರ ತಪ್ಪದೆ ಬಂದಿತ್ತು.

ಅಂದು ಸಂಜೆ ಐರ್ಲೆಂಡಿನ ಅತಿ ಹಳೆಯ ಬಚ್ಚಲಿನ ಒಕ್ಕಲು ಶ್ರೀವತ್ಸ, ಎಣ್ಣೆ ಸೀಸೆ, ಸೀಗೆಪುಡಿ, ಟವೆಲ್ಲುಗಳನ್ನು ಕಾರಿಗೆ ತುಂಬಿ ಮಂಜೇಶ್‌ನ ಮನೆಗೆ ಹೊರಟ. ನಾಳೆಯ ಅಭ್ಯಂಜನ ಅಲ್ಲೇ ಎಂದು ಮಾತಾಗಿತ್ತು. ಹಿಂದಿನ ಸೀಟಿನಲ್ಲಿ ಶಕುಂತಲಮ್ಮ ಹಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅವರು ಮುಂದಕ್ಕೆ ಬಾಗಿ ಕೇಳಿದರು.

"ಅಳಿಯಂದ್ರೇ, ಮಂಜೇಶ್ ಮನೇಲಿ ಹಿತ್ಲು ಇದೆ ತಾನೇ?"