ಮರ ತಟ್ಟುವ ಮಾವನ ಮಗಳ ಮದುವೆ

ಕೆಲವರ ಮನೆಗೆ ನೆಂಟರು ಬಂದರೆ ಕಾಫಿ ಚೆಲ್ಲುತ್ತದೆ, ಇಲ್ಲವೇ ಮಗು ಯಾರದೋ ಮಡಿಲಲ್ಲಿ ಉಚ್ಚೆ ಹೊಯ್ಯುತ್ತದೆ. ನಮ್ಮ ಮನೆಗೆ ಬಂದರೆ ಮಾವನವರು ಬಾಯಿ ತೆರೆಯುತ್ತಾರೆ. ಇದು ತಪ್ಪಿದ ದಿನವನ್ನು ನಾನು ಕಂಡಿಲ್ಲ.

ಮಾವನವರು ಮುಳಬಾಗಿಲಿನಲ್ಲಿ ವೀಣೆ ಮಾಡುತ್ತಿದ್ದರು. ಪಡಸಾಲೆಯ ಗೋಡೆಗೆ ಒರಗಿ ಹಲಸು, ಮಲಬಾರಿನ ಬೀಟೆ, ಬರ್ಮಾದ ತೇಗ ವರ್ಷಗಟ್ಟಲೆ ಒಣಗುತ್ತಿದ್ದವು. ನಾನು ಹತ್ತನೆಯ ಕ್ಲಾಸಿನವರೆಗೆ ಭೂಗೋಳದಲ್ಲಿ ಓದಿದ ಊರುಗಳೆಲ್ಲ ಅಲ್ಲಿ ಸಾಲಾಗಿ ನಿಂತ ಹಾಗಿತ್ತು. ನನ್ನ ಮಗುವನ್ನು ಹಲಸಿನ ಹಳದಿ ಹೊಟ್ಟಿನ ರಾಶಿಯಲ್ಲಿ ಕೂರಿಸಿ, ಬೀಟೆಯ ವಾಸನೆ ಹಿಡಿದು ನಾನೂ ಕಾಣದ ಕಾಡುಗಳಲ್ಲಿ ಅಲೆಯುತ್ತಿದ್ದೆ. ಸಾರು ಉಕ್ಕಿದಾಗ ವಾಪಸು ಬರುತ್ತಿದ್ದೆ. ಮಾವನವರು ವಾಪಸು ಬರುತ್ತಲೇ ಇರಲಿಲ್ಲ. ಎಲ್ಲಿ ಮರ ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಕಿವಿಯಿಡುವುದು. ಮಗಳಿಗೆ ಹತ್ತೊಂಬತ್ತು ತುಂಬಿದ್ದು ಮಾತ್ರ ಆ ಕಿವಿಗೆ ಕೇಳಿಸಿರಲಿಲ್ಲ. ನನ್ನ ನಾದಿನಿಗೆ ಗಂಡು ಗೊತ್ತಾಗಬೇಕೆಂಬ ಚಿಂತೆ ಮನೆಮಂದಿಗೆಲ್ಲ ಇತ್ತು, ಅವರೊಬ್ಬರನ್ನು ಬಿಟ್ಟು.

೧. ಕೋಲಾರದವರು ಒಪ್ಪಿದ್ದು

ಕೋಲಾರದಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರು. ನಾದಿನಿ ವೀಣೆ ನುಡಿಸಿದಳು. ಗಂಡಿನ ತಾಯಿ ಕರಗಿಹೋದರು. "ಎಂಥ ಕೈ ಕಣಮ್ಮ ನಿನ್ನದು," ಎಂದರು.

"ಕೈಯದೇನಿದೆ ತಾಯಿ," ಎಂದರು ಮಾವನವರು. "ಎಲ್ಲಾ ಆ ಹಲಸಿನದು. ಗುಡಿಯ ಪಕ್ಕದಲ್ಲಿ ಗಂಟೆ ಕೇಳಿಕೊಂಡು ಬೆಳೆದ ಮರ. ಯಾರು ಮೀಟಿದರೂ ಹೀಗೇ ನುಡಿಯುತ್ತೆ. ನೀವೇ ಮೀಟಿ ನೋಡಿ."

ಆಕೆ ಮೀಟಿದರು. ಹಾಳು ವೀಣೆ, ಅವರಿಗೂ ಇಂಪಾಗಿಯೇ ನುಡಿಯಿತು.

ಎಂಟು ದಿನಕ್ಕೆ ಕಾಗದ ಬಂತು. ಹುಡುಗಿ ಬೇಡವಂತೆ, ವೀಣೆ ಕೊಡ್ತೀರಾ ಅಂತ ಕೇಳಿದ್ದರು.

೨. ಮಾಲೂರಿನ ಮಂಚ

ಮುಂದಿನ ಸಂಬಂಧ ಮಾಲೂರಿನದು. ಈ ಸಲ ನಾವೇ ಗಂಡಿನ ಮನೆ ನೋಡಲು ಹೋಗಬೇಕಿತ್ತು. ಅತ್ತೆಗೆ ಮೊಣಕಾಲು ನೋವು. "ನೀನು ಹೋಗಮ್ಮ, ಅವರ ಬಾಯಿ ಕಾಯ್ತಾ ಇರು," ಎಂದು ನನ್ನನ್ನು ಜೊತೆಗೆ ಕಳಿಸಿದರು. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕಡೆ ಮಾವನವರು. ಮಗುವೇ ವಾಸಿ.

ಆ ಮನೆಯ ಅಜ್ಜಿ ಕಾಯಿಲೆಯಿಂದ ನಡುಮನೆಯ ಮಂಚದಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಮಂಚ ಕಪ್ಪು ಬೀಟೆಯದು. ಯುದ್ಧ ಬಂದು ಒಳ್ಳೆಯ ಮರ ಸಿಗುವುದೇ ಕಷ್ಟವಾಗಿದ್ದ ಕಾಲ. ನಾನು ಮಗುವಿನ ಮೂಗು ಒರೆಸುವಷ್ಟರಲ್ಲಿ ಮಾವನವರು ನೆಲಕ್ಕೆ ಕೂತು ಮಂಚದ ಕಾಲು ತಟ್ಟುತ್ತಿದ್ದರು.

"ಆಹಾ, ಗಂಟೆ ಇದ್ದ ಹಾಗಿದೆ. ವೀಣೆಯ ತಂತಿ ಬಿಗಿಯೋ ಬಿರಡೆಗೆ ಹೇಳಿ ಮಾಡಿಸಿದ್ದು," ಎಂದು ಕನಸಿನಲ್ಲಿದ್ದವರ ಹಾಗೆ ಗಂಡಿನ ತಂದೆಯ ಕಡೆ ತಿರುಗಿದರು. "ಈ ಮಂಚ ಯಾವಾಗ ಖಾಲಿಯಾಗುತ್ತೆ?"

ಅಜ್ಜಿ ಕಣ್ಣು ಬಿಟ್ಟರು. ಮೊದಲು ತೆಲುಗಿನಲ್ಲಿ ನಾಲ್ಕು ಮಾತು ಅಂದರು, ಅದನ್ನು ಬರೆಯುವ ಹಾಗಿಲ್ಲ. ಆಮೇಲೆ ಕನ್ನಡದಲ್ಲಿ, "ನಿನ್ನ ತಿಥಿ ಊಟ ಮುಗಿಸಿಕೊಂಡು ಬಂದು ಹೇಳ್ತೀನಿ ಕಣಯ್ಯಾ."

೩. ಶ್ರೀನಿವಾಸಪುರದ ಪಿಟೀಲು

ಮೂರನೆಯ ಗಂಡು ಶ್ರೀನಿವಾಸಪುರದ ಒಬ್ಬ ಸ್ಕೂಲ್ ಮೇಷ್ಟ್ರು. ತನ್ನ ಅಕ್ಕನ ಜೊತೆ ಹೆಣ್ಣು ನೋಡಲು ಬರುವವನಿದ್ದ. ಇದೂ ತಪ್ಪಿದರೆ ತಾನು ತವರಿಗೆ ಹೋಗುತ್ತೇನೆಂದು ಅತ್ತೆ ಹೆದರಿಸಿದ್ದರು. ಮರದ ಬಗ್ಗೆ ಒಂದು ಮಾತೂ ಆಡುವುದಿಲ್ಲವೆಂದು ಮಾವನವರು ದೇವರ ಮುಂದೆ ಆಣೆ ಇಟ್ಟರು.

ಆಡಲಿಲ್ಲ, ನಿಜ. ಕೈಯನ್ನೂ ಶಲ್ಯದೊಳಗೆ ಮುಚ್ಚಿಕೊಂಡು ಕೂತರು. "ಯಜಮಾನರೇ, ಒಂದು ಕೀರ್ತನೆ ನುಡಿಸಲೇ?" ಎಂದು ಕೇಳಿ ಹುಡುಗ ಪಿಟೀಲಿನ ಪೆಟ್ಟಿಗೆ ತೆರೆದ. ಮಾವನವರು ಮಾತಿಲ್ಲದೆ ಎದ್ದು ಹೋಗಿ, ಪಿಟೀಲನ್ನು ಬಾಣಂತಿಯ ಕೈಯಿಂದ ಕೂಸನ್ನು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡು ಮೂಸಿದರು.

ಆಣೆ ಅಲ್ಲಿಗೆ ಮುಗಿಯಿತು. "ಎಷ್ಟು ಹಗುರ. ಇದು ನಮ್ಮ ಕಡೆಯ ಮರವಲ್ಲ."

"ಬಿಳಿಯರ ಸೀಮೆಯ ಮರ, ಯಜಮಾನರೇ. ಹಿಮ ಬೀಳೋ ಕಡೆ ನಿಧಾನವಾಗಿ ಬೆಳೆಯುತ್ತಂತೆ. ಈ ಸಣ್ಣ ಗೆರೆ ಒಂದೊಂದೂ ಒಂದೊಂದು ವರ್ಷ."

ಇಬ್ಬರೂ ಕಿಟಕಿಯ ಬೆಳಕಿಗೆ ಜರುಗಿ ಕೂತರು. ಹುಡುಗ ಉಗುರಿನ ತುದಿಯಿಂದ ಗೆರೆ ಎಣಿಸತೊಡಗಿದ. ಹೊಟ್ಟಿನ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಹಿಮ ಬೀಳುವ ಆ ಕಾಡಿಗೆ ನಾನೂ ಹೋಗಿಬಿಟ್ಟೆ. ನಾದಿನಿ ಕಾಫಿ ಹಿಡಿದು ಎದುರಿಗೆ ನಿಂತದ್ದು ಯಾರಿಗೂ ಕಾಣಲಿಲ್ಲ. ಕಾಫಿಗೆ ಕೆನೆ ಕಟ್ಟಿತು.

"ಅತ್ತಿಗೆ," ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ. "ತಾಳೀನ ಆ ಪಿಟೀಲಿಗೇ ಕಟ್ಟಿಬಿಡಲಿ. ನಾನು ಒಳಗೆ ಹೋಗ್ತೀನಿ."

ಹುಡುಗ ತಲೆ ಎತ್ತಿದ. ಎತ್ತಿದವನು ಇಳಿಸಲಿಲ್ಲ.

"ಯಾಕಯ್ಯಾ ನಿಲ್ಲಿಸಿದೆ? ಎಷ್ಟಾಯ್ತು?" ಎಂದರು ಮಾವನವರು.

ಅವನು ಅವಳನ್ನೇ ನೋಡುತ್ತಾ ಹೇಳಿದ. "ತಪ್ಪಿಹೋಯ್ತು, ಮಾವ."

ಯಜಮಾನರು ಮಾವನಾದದ್ದು ಕೇಳಿ ಅತ್ತೆ ಅಳಲು ಶುರುಮಾಡಿದರು, ಹುಡುಗನ ಅಕ್ಕ ನಗಲು. ನಾದಿನಿ ಲೋಟ ಅಲ್ಲೇ ಇಟ್ಟು ಒಳಗೆ ಓಡಿದಳು. ಏನಾಯಿತೆಂದು ತಿಳಿಯದೆ ಉಳಿದವರು ಒಬ್ಬರೇ.

"ಹೋಗಲಿ ಬಿಡು," ಎಂದರು ಮಾವನವರು, ಪಿಟೀಲನ್ನು ಬೆಳಕಿಗೆ ಇನ್ನಷ್ಟು ತಿರುಗಿಸಿ. "ಮೊದಲಿಂದ ಎಣಿಸು."