ಗಲಗಲ ಅಂದ ಗ್ರಾಫಿಕ್ಸ್ ಕಾರ್ಡು

ತಿಪಟೂರಿನ ಕೊಬ್ಬರಿ ವ್ಯಾಪಾರಿ ಕರಿಬಸವಯ್ಯನವರು ಮನೆಯೊಳಗೇ ಗಾಲ್ಫ್ ಆಡುವುದಾಗಿ ಪಣ ತೊಟ್ಟರು! ಕಾರಣ ಮೈಸೂರಿನ ಬೀಗರು. ಮೊಮ್ಮಗಳ ನಾಮಕರಣದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಬೀಗ ಲಿಂಗಣ್ಣನವರು, “ಗಾಲ್ಫೆಲ್ಲ ನಿಮ್ಮ ಕಡೆಯವರಿಗೆ ಒಗ್ಗಲ್ಲ ಬಿಡಿ” ಅಂದುಬಿಟ್ಟಿದ್ದರು. ಕರಿಬಸವಯ್ಯನವರು ಕೈಲಿದ್ದ ಹೋಳಿಗೆಯನ್ನು ಎಲೆಗೆ ಕುಕ್ಕಿದರು.

“ಮುಂದಿನ ತಿಂಗಳು ಬನ್ನಿ ಬೀಗರೇ. ನಮ್ಮನೇಲೇ ಸೋಲಿಸಿ ಕಳಿಸ್ತೀನಿ!”

ಮನೆಯ ಹಿಂಭಾಗದ ಕೋಣೆಯಲ್ಲಿ, ಕಾಯಿ ಒಣಗಿಸುವ ಅಟ್ಟದ ಕೆಳಗಿನ ಖಾಲಿ ಜಾಗದಲ್ಲಿ ಪರದೆ ಕಟ್ಟಿಸಿದರು. ಕೋಲು ಬಂತು, ಚೆಂಡು ಬಂತು, ಚೆಂಡಿನ ವೇಗ ಅಳೆಯುವ ಯಂತ್ರ ಬಂತು. ಪರದೆಯ ಮೇಲೆ ಹುಲ್ಲಿನ ಮೈದಾನ ಮೂಡಿಸಲು ಕಂಪ್ಯೂಟರಿಗೊಂದು ಗ್ರಾಫಿಕ್ಸ್ ಕಾರ್ಡು ಮಾತ್ರ ಬಾಕಿ.

“ಗೊತ್ತಿರೋರ್ನ ಯಾರನ್ನಾದ್ರೂ ಕರ್ಕೊಂಡ್ ಹೋಗ್ರೀ” ಎಂದರು ಹೆಂಡತಿ ಸರ್ವಮಂಗಳ.

“ಮೂವತ್ತು ವರ್ಷದಿಂದ ಕಾಯಿ ಅಲ್ಲಾಡಿಸಿ ಮಾಲು ಆರಿಸ್ತಿದೀನಿ ಕಣೇ. ಈ ಕಿವಿ ಒಂದ್ಸಲನಾದ್ರೂ ಮೋಸ ಹೋಗೈತಾ?”

ಕಂಪ್ಯೂಟರ್ ಅಂಗಡಿಯ ಕಾಂತೇಶ್ ಎರಡು ಹೊಸ ಡಬ್ಬ ತಂದಿಟ್ಟು, ಎಷ್ಟು ಜಿಬಿ, ಎಷ್ಟು ವಾಟು ಎಂದು ವಿವರಿಸತೊಡಗಿದ. ಕರಿಬಸವಯ್ಯನವರು ಒಂದು ಡಬ್ಬ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ! ಇನ್ನೊಂದು. ಅದೂ ಮೂಕ!

“ಎರಡೂ ಹಸಿ ಕಣಪ್ಪ.”

ಅಷ್ಟರಲ್ಲಿ ಮೂಲೆಯಲ್ಲಿದ್ದ ಇನ್ನೊಂದು ಡಬ್ಬ ಕಣ್ಣಿಗೆ ಬಿತ್ತು. ಅಲ್ಲಾಡಿಸಿದರೆ, ಆಹಾ, ಗಲ್ ಗಲ್ ಗಲ್! ಅಟ್ಟದ ಮೇಲೆ ವರ್ಷ ಕಳೆದ ಕಾಯಿಯೊಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟುಕೊಂಡಾಗ ಬರುವ ಅದೇ ನಾದ!

“ಯಜಮಾನ್ರೇ, ಅದು ಬೇಡ. ಫ್ಯಾನ್ ಕಳಚ್ಕೊಂಡೈತೆ ಅಂತ ಗಿರಾಕಿ ವಾಪಸ್ ತಂದಿರೋದು!”

ಕರಿಬಸವಯ್ಯನವರು ಮೀಸೆಯಲ್ಲೇ ನಕ್ಕರು. ಒಳ್ಳೆ ಮಾಲನ್ನು ಮೂಲೆಗೆ ಸರಿಸಿ, ಕೇಳಿದವರಿಗೆ ‘ಅದು ಸರಿಯಿಲ್ಲ’ ಅನ್ನುವ ವಿದ್ಯೆ ಅವರಿಗೆ ಹೊಸದೇ?

“ನನ್ನತ್ರನೇ ಆಟನಾ? ಬುಡು, ಬುಡು. ಇದನ್ನೇ ಕಟ್ಟು!”

“ಹಂಗಾರೆ, ನಾನು ಬೇಡ ಅಂದಿದ್ದೆ ಅಂತ ಬರ್ದು ಸೈನ್ ಹಾಕ್ಕೊಡಿ.”

ಠೀವಿಯಿಂದ ಸಹಿ ಬಿತ್ತು!

ಭಾನುವಾರ ಬೀಗರು ಬಂದರು. ಕಿಟಕಿಗಳನ್ನೆಲ್ಲ ಮುಚ್ಚಿ ಕತ್ತಲು ಮಾಡಿ ಕಂಪ್ಯೂಟರ್ ಹಾಕಿದಾಗ ಪರದೆ ತುಂಬ ಹಸಿರು ಹಬ್ಬಿತು. ಜೊತೆಗೇ ಕಟಕಟ ಸದ್ದು.

“ಏನದು?” ಲಿಂಗಣ್ಣನವರು ಬೆಚ್ಚಿದರು.

“ಪಕ್ವವಾದ ಮಾಲು ಬೀಗರೇ. ಕಿವಿ ಕೊಟ್ಟು ಕೇಳಿ!”

ಕರಿಬಸವಯ್ಯನವರು ಪಂಚೆ ಎತ್ತಿ ಕಟ್ಟಿ ಕೋಲನ್ನು ಹೆಗಲಾಚೆಗೆ ಎತ್ತಿದರು. ಬೀಸಬೇಕು ಅನ್ನುವಷ್ಟರಲ್ಲಿ ಕಾರ್ಡು ಕಾದು, ಸುಟ್ಟ ವಾಸನೆ ಬಂದು, ಹಸಿರೆಲ್ಲ ಮಾಯ! ಗವ್ವೆನ್ನುವ ಕತ್ತಲು. ಎತ್ತಿದ ಕೋಲು ನಿಲ್ಲುತ್ತದೆಯೇ? ಚೆಂಡನ್ನು ಬಿಟ್ಟು ಅಟ್ಟಕ್ಕೆ ಕೊಟ್ಟಿದ್ದ ಆಸರೆಯ ಕಂಬಕ್ಕೆ ಬಡಿಯಿತು. ಅಟ್ಟ ವಾಲಿತು. ದಬದಬ, ದಬದಬ! ಸಿಪ್ಪೆ ಸಮೇತ ಕಾಯಿಗಳ ಸುರಿಮಳೆ! ಮೈಸೂರಿನ ಬೀಗರು ಕಂಪ್ಯೂಟರಿನ ಮೇಜಿನ ಕೆಳಗೆ ತೂರಿದರು. ಒಂದು ಕಾಯಿ ನೆಲಕ್ಕೆ ಬಿದ್ದು ಪುಟಿದು, ಗಲ್ ಗಲ್ ಎನ್ನುತ್ತ ಕರಿಬಸವಯ್ಯನವರ ತಲೆ ಸವರಿಕೊಂಡು ಹೋಯಿತು. ಆ ಗಳಿಗೆಯಲ್ಲೂ ಅವರ ಬಾಯಿಂದ ಬಂದದ್ದು ಒಂದೇ ಮಾತು: “ಚೆನ್ನಾಗಿ ಒಣಗೈತೆ!”

ಸರ್ವಮಂಗಳ ಓಡಿ ಬಂದು ಕಿಟಕಿ ತೆರೆದರು. ಕಾಯಿಗಳ ನಡುವೆ ಕುಕ್ಕರಿಸಿದ್ದ ಗಂಡನನ್ನು ಕಂಡು ಅವರ ಜೀವ ಹಾರಿತು.

“ಅಯ್ಯೋ, ಪೆಟ್ಟಾಯ್ತೇನ್ರೀ?” ಎಂದು ಎರಡೂ ಕೈಯಲ್ಲಿ ತಲೆ ಹಿಡಿದು ತಡವಿದರು. ಗಾಯವಿಲ್ಲ, ಬುಗುಟೂ ಇಲ್ಲ. ಅಷ್ಟೊಂದು ಅಕ್ಕರೆಗೆ ಕರಿಬಸವಯ್ಯನವರ ಕಣ್ಣು ತುಂಬಿ ಬಂತು.

ಆಗ ಆಯಮ್ಮ ಆ ತಲೆಯನ್ನು ಹಾಗೇ ಕಿವಿಯ ಹತ್ತಿರ ಎಳೆದುಕೊಂಡು, ಎರಡು ಸಲ ಅಲ್ಲಾಡಿಸಿ, ಮೇಜಿನ ಕೆಳಗಿದ್ದ ಬೀಗರ ಕಡೆ ತಿರುಗಿದರು.

“ಇದೊಂದು ಇನ್ನೂ ಒಣಗಿಲ್ಲ ಕಣ್ರೀ ಬೀಗರೇ. ಬರೀ ನೀರು! ಇನ್ನೊಂದು ವರ್ಷ ಅಟ್ಟದ ಮೇಲೇ ಇರ್ಲಿ ಬುಡಿ.”