ತೊಟ್ಟಿಲೇರಿದ ವೂಫರ್

ಧ್ವನಿಶಾಸ್ತ್ರದಲ್ಲಿ ನನಗೆ ತಕ್ಕಮಟ್ಟಿನ ಪರಿಶ್ರಮವಿದೆ. ಹೀಗೆಂದಾಗಲೆಲ್ಲ ನನ್ನ ಹೆಂಡತಿ ಸಾವಿತ್ರಿ ಅಡುಗೆಮನೆಗೆ ಹೋಗಿ ನಗುತ್ತಾಳೆ. ಅದು ಬೇರೆ ಮಾತು. ಶಿರಸಿಯ ನಮ್ಮ ಅಪಾರ್ಟ್‌ಮೆಂಟಿಗೆ ಈಚೆಗೆ ಒಂದು ಸ್ಪೀಕರ್ ಸೆಟ್ ತಂದೆ. ಎರಡು ಪುಟ್ಟ ಸ್ಪೀಕರು, ಜೊತೆಗೆ ವೂಫರ್ ಎಂಬ ಕರಿಯ ಡಬ್ಬ. ಮೊಬೈಲಿನಲ್ಲಿ ಯಕ್ಷಗಾನ ಹಾಕಿದರೆ ಮದ್ದಳೆ ಸೊಳ್ಳೆಯ ಹಾಗೆ ಕೇಳುತ್ತಿತ್ತು. ಈಗ ಮದ್ದಳೆಯೆಂದರೆ ಮದ್ದಳೆ! ಮೊದಲ ಪೆಟ್ಟಿಗೇ ಕಪಾಟಿನ ಲೋಟಗಳು ಕುಣಿದವು. ಹಾಡುವ ಭಾಗವತರ ಕಂಠವೂ ಗುಡುಗಿನಂತೆ ಕೇಳಿತು.

"ಢವಢವ ಹೇಳದು ಯನ್ನ ಎದೆಯೋ, ನಿಮ್ಮ ಡಬ್ಬವೋ?" ಎಂದಳು ಸಾವಿತ್ರಿ.

"ಈ ದಪ್ಪ ಸದ್ದಿಗೆ ಬಾಸ್ ಹೇಳ್ತ. ಅಭ್ಯಾಸ ಆಗವು," ಎಂದೆ ಗಂಭೀರವಾಗಿ.

ಅಭ್ಯಾಸವಾಗಬೇಕಾದವನು ಇನ್ನೊಬ್ಬನಿದ್ದ. ಕೆಳಗಿನ ಮನೆಯ ಖತೀಜಾಬಿಯ ಮೊಮ್ಮಗ. ಮಗಳು ಶಬಾನಾ ಬಾಣಂತನಕ್ಕೆಂದು ಯಲ್ಲಾಪುರದಿಂದ ತವರಿಗೆ ಬಂದಿದ್ದಳು. ಮರುದಿನವೇ ಖತೀಜಾಬಿ ಮೆಟ್ಟಿಲು ಹತ್ತಿ ಬಂದರು.

"ಹೆಗಡೇರೇ, ಸಿಟ್ಟಾಗಬ್ಯಾಡ್ರಿ. ಕೂಸು ಕಣ್ಣು ಮುಚ್ಚತೈತಿ, ನಿಮ್ದು ಧಡ್ ಧಡ್ ಶುರು ಆಗ್ತೈತಿ. ಬೆಚ್ಚಿ ಎದ್ದು ಒಂದೇ ಸಮ ಅಳ್ತೈತಿ. ನಿದ್ದಿ ಇಲ್ದೆ ಹುಡುಗಿ ಕಣ್ಣು ಗುಳಿ ಬಿದ್ದಾವ."

ನನಗೆ ನಿಜಕ್ಕೂ ಬೇಸರವಾಯಿತು. ಹಸುಗೂಸಿನ ನಿದ್ದೆ ಕೆಡಿಸಿ ಯಾವ ಕಲೆಯನ್ನು ಉಳಿಸುವುದು! "ನಾಳೆಯಿಂದ ಅವನು ಗಡದ್ದಾಗಿ ಮಲಗುತ್ತಾನೆ. ನನ್ನ ಜವಾಬ್ದಾರಿ," ಎಂದೆ.

"ಸಣ್ಣಕ್ಕೆ ಇಟ್ರಾತು," ಎಂದಳು ಸಾವಿತ್ರಿ.

ಇದು ಶಾಸ್ತ್ರ ತಿಳಿಯದವರ ಮಾತು. ಮದ್ದಳೆಯಿಲ್ಲದ ಆಟವೆಂದರೆ ಉಪ್ಪಿಲ್ಲದ ತಂಬುಳಿ. ತೊಂದರೆ ಇದ್ದದ್ದು ಶಬ್ದದಲ್ಲಲ್ಲ, ನೆಲದಲ್ಲಿ. ಡಬ್ಬದ ಅಡಿಗೆ ಮೆತ್ತನೆಯದೇನಾದರೂ ಇಟ್ಟರೆ ಮುಗಿಯಿತು. ಕಂಬಳಿ ಮಡಚಿ ಇಟ್ಟೆ. ಡಬ್ಬಕ್ಕೆ ಬೆಚ್ಚಗಾಯಿತು. ಕೆಳಗೆ ಕೂಸು ಎದ್ದು ಅತ್ತಿತು.

ಆಗ ಕಣ್ಣಿಗೆ ಬಿದ್ದದ್ದು ಮೂಲೆಯ ಅಡಿಕೆ ಮೂಟೆ. ವಾನಳ್ಳಿಯ ನನ್ನ ಭಾವ ದರ ಏರುವ ತನಕ ಇರಲೆಂದು ನಮ್ಮಲ್ಲಿಟ್ಟು ಹೋದದ್ದು. ಅದರ ಮೇಲೆ ಡಬ್ಬವನ್ನು ಕೂರಿಸಿ ಯುದ್ಧದ ಪದ ಹಾಕಿದೆ. ಮೂಟೆಯೊಳಗಿನ ಅಡಿಕೆಗೂ ಆವೇಶ ಬಂತು! ಗಡಗಡ ನಡುಗಿ, ಮೂಟೆ ನಿಧಾನಕ್ಕೆ ವಾಲಿ, ಬಾಯಿ ಬಿಚ್ಚಿಕೊಂಡು ಮಗುಚಿತು. ಅಡಿಕೆಯೆಲ್ಲ ಟೈಲ್ಸಿನ ಮೇಲೆ ಉರುಳಿತು. ನಡುಮನೆ, ಕೋಣೆ, ಬಚ್ಚಲು, ಎಲ್ಲಿ ನೋಡಿದರೂ ಅಡಿಕೆ!

"ಮ್ಯಾಲೆ ಕಲ್ಲು ಉಳ್ಳಾಡಸ್ತೀರೇನ್ರೀ?" ಕೆಳಗಿನ ಕಿಟಕಿಯಿಂದ ಖತೀಜಾಬಿಯ ಕೂಗು. ಅದರ ಹಿಂದೆಯೇ ಕೂಸಿನ ಕೂಗು.

ಮಂಚದಡಿಯ ಅಡಿಕೆ ಹೆಕ್ಕುವಾಗ ನನಗೆ ಜ್ಞಾನೋದಯವಾಯಿತು. ಡಬ್ಬ ನೆಲ ಮುಟ್ಟಿದರೆ ತಾನೇ ನೆಲ ನಡುಗುವುದು? ನಮ್ಮ ಮಕ್ಕಳು ಆಡಿ ಬೆಳೆದ ಸಾಗವಾನಿ ತೊಟ್ಟಿಲು ಅಟ್ಟದಲ್ಲಿತ್ತು. ಇಳಿಸಿ, ಒರೆಸಿ, ನಡುಮನೆಯ ಸೂರಿನ ಕೊಂಡಿಗೆ ಹಿತ್ತಾಳೆ ಸರಪಳಿಯಲ್ಲಿ ತೂಗುಹಾಕಿದೆ. ಡಬ್ಬವನ್ನು ಮಲಗಿಸಿ ಕಂಬಳಿ ಹೊದೆಸಿದೆ.

"ನಾಮಕರಣದಲ್ಲಿ ತೊಟ್ಟಿಲಿಗೆ ಮೊದಲು ಗುಂಡುಕಲ್ಲು ಹಾಕ್ತ, ಗೊತ್ತಿದ್ದು. ಡಬ್ಬ ಹಾಕಿದ್ದು ನಿಂಗಳೇ ಮೊದಲು!" ಎಂದಳು ಸಾವಿತ್ರಿ.

ನಾನು ಪದ ಹಾಕಿದೆ. ಮದ್ದಳೆ ಬಿದ್ದ ಹಾಗೆಲ್ಲ ಸರಪಳಿ ಝಣ್ ಝಣ್ ಎಂದಿತು. ಸದ್ದು ನಿಲ್ಲಿಸಲು ಒಂದು ಕೈಯಲ್ಲಿ ಸರಪಳಿ, ಇನ್ನೊಂದು ಕೈಯಲ್ಲಿ ತೊಟ್ಟಿಲು ಹಿಡಿದು ನಿಂತೆ. ಬಾಗಿಲು ತೆರೆದೇ ಇತ್ತು. ಅಳುವ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಖತೀಜಾಬಿ ಬಂದರು. ಬೈಯಲೆಂದೇ ಬಂದವರು ತೊಟ್ಟಿಲು ಕಂಡದ್ದೇ ದನಿ ತಗ್ಗಿಸಿದರು.

"ಅಯ್ಯ, ಯಾರ ಕೂಸ್ರೀ? ಇಷ್ಟು ಗದ್ದಲದಾಗೆ ಮಲಗೈತಲ್ರೀ!"

ನಾನು ತಡೆಯುವುದರೊಳಗೆ ಕಂಬಳಿ ಸರಿಸಿದರು. ಒಳಗಿಂದ ಡಬ್ಬ ನೀಲಿ ಕಣ್ಣು ಮಿಟುಕಿಸಿತು.

ಅವರು ಅಲ್ಲೇ ನೆಲಕ್ಕೆ ಕೂತು ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನಮ್ ಕೂಸಿಗೆ ಸೀರಿ ಜೋಲಿ ಕಟ್ಟೇವಿ, ಹೆಗಡೇರೇ. ನಿಮ್ ಡಬ್ಬಕ್ಕ ಸಾಗವಾನಿ ತೊಟ್ಟಿಲಾ!" ಎಂದರು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಸಾವಿತ್ರಿ ಪ್ಲಗ್ಗು ಕಿತ್ತಳು. ಡಬ್ಬವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಕೂಸಿಗೆ ಖಾಲಿ ತೊಟ್ಟಿಲು ಕೊಡಬಾರದೆಂದು ಅದರೊಳಗೊಂದು ತೆಂಗಿನಕಾಯಿ ಇಟ್ಟಳು. ತೊಟ್ಟಿಲನ್ನು ಹೊತ್ತು ಕೆಳಗಿಳಿಸಿ, ಅವರ ನಡುಮನೆಯಲ್ಲಿ ಕಟ್ಟಿ ಬಂದವನು ನಾನೇ.

ಸಂಜೆ ಫೋನು ಬಂತು. ಖತೀಜಾಬಿ! ನನ್ನ ಜೀವ ಬಾಯಿಗೆ ಬಂತು. ಈಗ ಏನು ಶಬ್ದವಪ್ಪಾ, ಉಸಿರಾಟವೂ ಕೇಳುತ್ತದೆಯೇ?

"ಕೂಸು ಮಲಗೈತ್ರಿ. ಅದರ ತಾಯೀನೂ ಮಲಗ್ಯಾಳ. ನೀವು ಸಣ್ಣಗೆ ಏನರೆ ಹಾಕ್ಕೊಳ್ರಿ, ಪಾಪ."

ಅಬ್ಬಾ! ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಕಾಲು ಚಾಚಿ ಕೂತು, ಪುಟ್ಟ ಸ್ಪೀಕರುಗಳಲ್ಲಿ ಮಾತ್ರ ಅದೇ ಪದವನ್ನು ಮೆತ್ತಗೆ ಹಾಕಿದೆ. ಭಾಗವತರ ದನಿ ಮೊದಲ ಬಾರಿ ಸ್ಪಷ್ಟವಾಗಿ ಕೇಳಿಸಿತು. ಸಾವಿತ್ರಿ ಸೌಟು ಹಿಡಿದೇ ಹೊರಗೆ ಬಂದಳು.

"ಪಾಪ, ಇವರ ಗಂಟಲು ಪೂರಾ ಕಟ್ಟಿದ್ದು!"

ಹೌದು, ಕಟ್ಟಿತ್ತು. ಸೋಂದಾದಿಂದ ಸಿದ್ದಾಪುರದ ತನಕ ಸಿಕ್ಕಸಿಕ್ಕವರಿಗೆಲ್ಲ "ಎಂಥಾ ಕಂಠ!" ಎಂದು ನಾನು ಹೊಗಳಿದ್ದು ಆ ಡಬ್ಬವನ್ನು!